ಓಡಾಡುವ ಮಕ್ಕಳ ಚಿತ್ರಕ್ಕೆ ಆಟೋಫೋಕಸ್ ಹೊಂದಿಸಿಕೊಳ್ಳುವ ಬಗೆ

ಕೂತಲ್ಲಿ ಕೂರದ ಮಕ್ಕಳ ಚಿತ್ರ ತೆಗೆಯಲು ಹೊರಟವರಲ್ಲಿ ಬಹುಮಂದಿಯ ದೂರು ಒಂದೇ. ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖು ಕೂಡ ಓದಲು ಬರುವಷ್ಟು ಸ್ಪಷ್ಟವಾಗಿರುತ್ತದೆ, ಮಗುವಿನ ಮುಖ ಮಾತ್ರ ಮಸುಕಾಗಿರುತ್ತದೆ. ಇಂಥ ಚಿತ್ರಗಳು ಹೆಚ್ಚಾದಾಗ ಲೆನ್ಸನ್ನೋ ಕ್ಯಾಮೆರಾವನ್ನೋ ಬದಲಿಸುವ ಯೋಚನೆ ಹುಟ್ಟುವುದು ಸಹಜ. ಆದರೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಸಾಧಾರಣ ಬೆಲೆಯ ಕ್ಯಾಮೆರಾಗಳಿಗೂ ಚಲಿಸುವುದನ್ನು ಹಿಂಬಾಲಿಸುವ ಸಾಮರ್ಥ್ಯವಿದೆ. ಅಂಗಡಿಯಿಂದ ತಂದಾಗ ಅವು ಆ ಕೆಲಸಕ್ಕೆ ಹೊಂದಿಕೊಂಡಿರುವುದಿಲ್ಲ, ಅಷ್ಟೆ.

ಸೆಟ್ಟಿಂಗ್‌ಗಳಿಗೆ ಕೈ ಹಾಕುವ ಮುನ್ನ, ಕೆಟ್ಟುಹೋದ ಚಿತ್ರವೊಂದನ್ನು ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ನೋಡಬೇಕು. ಮಗು ಮಸುಕಾಗಿದ್ದು, ಅದರ ಹಿಂದಿನ ಅಥವಾ ಮುಂದಿನ ಹುಲ್ಲೋ ನೆಲವೋ ಚೂಪಾಗಿ ಮೂಡಿದ್ದರೆ ತಪ್ಪಿರುವುದು ಫೋಕಸ್. ಮಗುವಿನ ಕೈ, ಕಾಲು, ಕೂದಲು ಒಂದೇ ದಿಕ್ಕಿಗೆ ಎಳೆದಂತೆ ಕಂಡು, ಸುತ್ತಲಿನ ನಿಂತ ವಸ್ತುಗಳೆಲ್ಲ ಸರಿಯಾಗಿದ್ದರೆ ಶಟರ್ ವೇಗ (ಬೆಳಕನ್ನು ಒಳಬಿಡುವ ಶಟರ್ ಎಷ್ಟು ಬೇಗ ತೆರೆದು ಮುಚ್ಚುತ್ತದೆ ಎಂಬುದು) ಸಾಲದಾಗಿದೆ. ಇಡೀ ಚಿತ್ರವೇ ಒಂದು ಕಡೆಗೆ ಎಳೆದಂತಿದ್ದರೆ ಅದು ಚಿತ್ರ ತೆಗೆದವರ ಕೈ ನಡುಗಿದ್ದರ ಫಲ. ಈ ಮೂರನ್ನೂ ಒಟ್ಟಾಗಿ ‘ಫೋಕಸ್ ಔಟ್’ ಎಂದು ಕರೆಯುವ ರೂಢಿ ಇರುವುದರಿಂದಲೇ ಎಷ್ಟೋ ಜನ ಶಟರ್ ವೇಗದ ತೊಂದರೆಗೆ ಫೋಕಸ್ ಮೆನುವಿನಲ್ಲಿ ಪರಿಹಾರ ಹುಡುಕುತ್ತಾ ಸುಸ್ತಾಗುತ್ತಾರೆ.

ಕ್ಯಾಮೆರಾ ಮುಂದಿನ ಕ್ಷಣವನ್ನು ಅಂದಾಜು ಮಾಡುವ ರೀತಿ

ನಾಲ್ಕೈದು ವರ್ಷದ ಮಗುವೊಂದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನಿಮ್ಮ ಕಡೆಗೆ ಓಡಿಬರುತ್ತಿದೆ ಎಂದುಕೊಳ್ಳಿ. ನೀವು ಶಟರ್ ಬಟನ್ ಒತ್ತಿ, ಕ್ಯಾಮೆರಾದೊಳಗಿನ ಕನ್ನಡಿ ಮೇಲೆದ್ದು, ಶಟರ್ ತೆರೆಯುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆದರೂ ಮಗು 30 ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ಹೀಗೆ ಒಳಗೆ ಕನ್ನಡಿಯಿರುವ ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್‌-ಸಿ ಅಳತೆಯ ಸೆನ್ಸರಿನ ಮುಂದೆ 50 ಎಂಎಂ ಲೆನ್ಸ್ ಇಟ್ಟು, ಎಫ್/1.8 (ಬೆಳಕು ಒಳಬರುವ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಅಪರ್ಚರ್‌ನಲ್ಲಿ 3 ಮೀಟರ್ ದೂರದ ಮಗುವಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಕಾಣುವ ವಲಯದ ಒಟ್ಟು ಆಳ ಸುಮಾರು 26 ಸೆಂಟಿಮೀಟರ್. ಅಂದರೆ ಮುಂದಕ್ಕೆ 13, ಹಿಂದಕ್ಕೆ 13. ಮಗು ಆ ವಲಯವನ್ನು ದಾಟಿ ಬಂದಾಗಿದೆ. ಫೋಕಸ್ ಮಾಡಿದ ಕ್ಷಣದಲ್ಲಿ ಅದು ನೂರಕ್ಕೆ ನೂರು ಸರಿಯಾಗಿತ್ತು, ಆದರೂ ಚಿತ್ರ ತಪ್ಪಿತು. ಮಗು ಈಗ ಎಲ್ಲಿದೆ ಎಂದು ಕಂಡುಹಿಡಿದರೆ ಸಾಲದು, ಶಟರ್ ತೆರೆಯುವಾಗ ಎಲ್ಲಿರುತ್ತದೆ ಎಂದು ಅಂದಾಜು ಮಾಡಿ ಲೆನ್ಸನ್ನು ಅಲ್ಲಿಗೆ ಮೊದಲೇ ಒಯ್ಯಬೇಕು. ಮುಂದೆ ಹೇಳುವ ಎಲ್ಲ ಹೊಂದಾಣಿಕೆಗಳೂ ಈ ಅಂದಾಜಿಗೆ ನೆರವಾಗುವಂಥವು.

ಈ ಅಂದಾಜು ಸಾಧ್ಯವಾಗುವುದು ಫೇಸ್ ಡಿಟೆಕ್ಷನ್ (phase detection, ಮುಖ ಗುರುತಿಸುವ face detection ಅಲ್ಲ) ವಿಧಾನದಿಂದ. ಲೆನ್ಸಿನ ಎರಡು ಬದಿಗಳಿಂದ ಹಾದುಬರುವ ಬೆಳಕನ್ನು ಹೋಲಿಸಿ, ಫೋಕಸ್ ವಸ್ತುವಿಗಿಂತ ಮುಂದೆ ಬಿದ್ದಿದೆಯೋ ಹಿಂದೆ ಬಿದ್ದಿದೆಯೋ, ಎಷ್ಟು ಸರಿಸಬೇಕು ಎಂಬುದನ್ನು ಅದು ಒಂದೇ ಅಳತೆಯಲ್ಲಿ ತಿಳಿದುಕೊಳ್ಳುತ್ತದೆ. ಒಂದರ ಹಿಂದೊಂದರಂತೆ ಇಂಥ ಅಳತೆಗಳು ಸಿಕ್ಕಾಗ ಮಗುವಿನ ವೇಗ ಮತ್ತು ದಿಕ್ಕಿನ ಲೆಕ್ಕ ಸಿಗುತ್ತದೆ. ಕಾಂಟ್ರಾಸ್ಟ್ ಡಿಟೆಕ್ಷನ್ ಎಂಬ ಇನ್ನೊಂದು ವಿಧಾನದಲ್ಲಿ ಕ್ಯಾಮೆರಾ ಲೆನ್ಸನ್ನು ಹಿಂದೆ ಮುಂದೆ ಆಡಿಸಿ, ಚಿತ್ರ ಎಲ್ಲಿ ಹೆಚ್ಚು ಚೂಪಾಗಿದೆ ಎಂದು ಹುಡುಕುತ್ತದೆ. ನಿಂತ ವಸ್ತುವಿಗೆ ಅದು ಬಹಳ ನಿಖರ, ಓಡುವ ಮಗುವಿಗೆ ಬಹಳ ನಿಧಾನ. ಕ್ಯಾನನ್ 1500ಡಿ ಅಥವಾ ನಿಕಾನ್ ಡಿ3500 ಇರುವವರು ಹಿಂಬದಿಯ ಪರದೆ ನೋಡುತ್ತಾ ಚಿತ್ರ ತೆಗೆದರೆ ಈ ಎರಡನೆಯ ವಿಧಾನಕ್ಕೆ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಅಂಥ ಕ್ಯಾಮೆರಾಗಳಲ್ಲಿ ವ್ಯೂಫೈಂಡರಿಗೆ ಕಣ್ಣಿಟ್ಟೇ ಮಕ್ಕಳ ಚಿತ್ರ ತೆಗೆಯಬೇಕು. 2013ರಲ್ಲಿ 70ಡಿ ಮೂಲಕ ಕ್ಯಾನನ್ ತಂದ ಡ್ಯುಯಲ್ ಪಿಕ್ಸೆಲ್ ವ್ಯವಸ್ಥೆಯುಳ್ಳ 200ಡಿ ಮಾರ್ಕ್ 2ರಂಥ ಕ್ಯಾಮೆರಾಗಳಿಗೂ ಒಳಗೆ ಕನ್ನಡಿಯಿಲ್ಲದ ಇಂದಿನ ಬಹುತೇಕ ಮಿರರ್‌ಲೆಸ್ ಕ್ಯಾಮೆರಾಗಳಿಗೂ ಈ ನಿರ್ಬಂಧವಿಲ್ಲ. ಅವುಗಳ ಸೆನ್ಸರಿನಲ್ಲೇ ಫೇಸ್ ಡಿಟೆಕ್ಷನ್ ಅಡಗಿದೆ.

ಹೀಗೆ ಬಿಡದೆ ಅಳೆಯುತ್ತಿರಲು ಕ್ಯಾಮೆರಾವನ್ನು ನಿರಂತರ ಫೋಕಸ್‌ಗೆ ಹಾಕಬೇಕು. ನಿಕಾನ್, ಸೋನಿಗಳಲ್ಲಿ ಇದರ ಹೆಸರು ಎಎಫ್-ಸಿ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಎಐ ಸರ್ವೊ, ಅದರ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸರ್ವೊ. ಫ್ಯೂಜಿಫಿಲ್ಮ್‌ನ ಹಲವು ಕ್ಯಾಮೆರಾಗಳಲ್ಲಿ ಸಿ ಎಂಬ ಗುರುತಿನ ಸ್ವಿಚ್. ಎಎಫ್-ಎ ಅಥವಾ ಎಐ ಫೋಕಸ್ ಎಂಬ ನಡುವಿನ ಆಯ್ಕೆಯಲ್ಲಿ ವಸ್ತು ನಿಂತಿದೆಯೋ ಚಲಿಸುತ್ತಿದೆಯೋ ಎಂದು ಕ್ಯಾಮೆರಾವೇ ತೀರ್ಮಾನಿಸುತ್ತದೆ. ಮಗು ಒಂದು ಗಳಿಗೆ ನಿಂತು ಮರುಗಳಿಗೆ ಓಡುವಾಗ ಆ ತೀರ್ಮಾನ ತಡವಾಗುವುದರಿಂದ ಈ ಕೆಲಸಕ್ಕೆ ಅದನ್ನು ನಂಬದಿರುವುದು ಲೇಸು. ಮೆನುಗಳ ಗೊಡವೆಯೇ ಬೇಡವೆನ್ನುವವರು ಡಯಲ್‌ನಲ್ಲಿ ಓಡುವ ಮನುಷ್ಯನ ಚಿತ್ರವಿರುವ ಸ್ಪೋರ್ಟ್ಸ್ ಮೋಡ್‌ಗೆ ತಿರುಗಿಸಿದರೂ ಅರ್ಧ ಕೆಲಸ ಆಗುತ್ತದೆ. ಕ್ಯಾನನ್‌ನಲ್ಲಿ ಅದು ಎಐ ಸರ್ವೊ ಮತ್ತು ಸರಣಿ ಚಿತ್ರಣ ಎರಡನ್ನೂ ತಾನಾಗಿ ಆರಿಸಿಕೊಳ್ಳುತ್ತದೆ. ನಿಕಾನ್ ಡಿ3500ರ ಡಯಲ್‌ನಲ್ಲಿ ಮಗುವಿನ ಚಿತ್ರವಿರುವ ಮೋಡ್ ಕೂಡ ಒಂದಿದೆ. ನೋಡಿದೊಡನೆ ಇದೇ ಬೇಕಾದದ್ದೆಂದು ಅನ್ನಿಸಿದರೂ ಅದು ಬಟ್ಟೆಯ ಬಣ್ಣ ಗಾಢವಾಗಿ, ಚರ್ಮದ ಬಣ್ಣ ಮೃದುವಾಗಿ ಮೂಡಲೆಂದು ಮಾಡಿರುವಂಥದ್ದು. ಓಡುವ ಮಗುವಿಗೆ ಬೇಕಿರುವುದು ಓಡುವ ಮನುಷ್ಯನ ಗುರುತೇ.

ಅರ್ಧ ಒತ್ತಿ ಹಿಡಿಯುವುದು

ಸೆಟ್ಟಿಂಗ್ ಸರಿಯಿದ್ದೂ ಚಿತ್ರ ತಪ್ಪುವುದು ಬಹುಪಾಲು ಬೆರಳಿನ ದೋಷದಿಂದ. ನಿಂತವರ ಚಿತ್ರ ತೆಗೆದು ರೂಢಿಯಾದವರು ನಗು ಕಂಡ ಕೂಡಲೇ ಶಟರ್ ಬಟನ್ನನ್ನು ಒಂದೇ ಏಟಿಗೆ ಪೂರ್ತಿ ಒತ್ತುತ್ತಾರೆ. ನಿರಂತರ ಫೋಕಸ್‌ನಲ್ಲಿ ಹೀಗೆ ಮಾಡಿದರೆ ಕ್ಯಾಮೆರಾಕ್ಕೆ ಒಂದೆರಡು ಅಳತೆ ಮಾತ್ರ ಸಿಗುತ್ತದೆ, ಅಷ್ಟರಿಂದ ವೇಗದ ಲೆಕ್ಕ ಹುಟ್ಟುವುದಿಲ್ಲ. ಮಗು ಇನ್ನೂ ದೂರದಲ್ಲಿರುವಾಗಲೇ ಬಟನ್ನನ್ನು ಅರ್ಧ ಒತ್ತಿ, ಫೋಕಸ್ ಬಿಂದು (ಕ್ಯಾಮೆರಾ ಫೋಕಸ್ ಅಳೆಯುವ ಜಾಗವನ್ನು ತೋರಿಸುವ ಚಿಕ್ಕ ಗುರುತು) ಮಗುವಿನ ಮೇಲೆಯೇ ಇರುವಂತೆ ಕ್ಯಾಮೆರಾವನ್ನು ಅದರ ಜತೆಗೆ ತಿರುಗಿಸುತ್ತಾ, ಅರ್ಧ ಸೆಕೆಂಡೋ ಒಂದು ಸೆಕೆಂಡೋ ಹಿಂಬಾಲಿಸಿದ ಮೇಲೆ, ಬೆರಳನ್ನು ಎತ್ತದೆ ಪೂರ್ತಿ ಒತ್ತಬೇಕು. ಹಿಂಬಾಲಿಸುವ ಅವಧಿಯಲ್ಲಿ ಜೂಮ್ ಮಾಡದಿದ್ದರೆ ಒಳ್ಳೆಯದು. ಕ್ಯಾಮೆರಾದ ಜತೆ ಬರುವ ಜೂಮ್ ಲೆನ್ಸ್‌ಗಳಲ್ಲಿ ಜೂಮ್ ತಿರುಗಿಸಿದಾಗ ಫೋಕಸ್ ಕೂಡ ಸ್ವಲ್ಪ ಸರಿಯುವುದರಿಂದ ಅಷ್ಟು ಹೊತ್ತು ಕೂಡಿಸಿಕೊಂಡ ಲೆಕ್ಕ ಏರುಪೇರಾಗುತ್ತದೆ.

ಫೋಕಸ್ ಕೆಲಸವನ್ನು ಶಟರ್ ಬಟನ್‌ನಿಂದ ಬಿಡಿಸಿ ಹಿಂಬದಿಯ ಒಂದು ಬಟನ್‌ಗೆ ಕೊಡುವ ಪದ್ಧತಿಯೂ ಇದೆ. 1500ಡಿಯಲ್ಲಿ ಕಸ್ಟಮ್ ಫಂಕ್ಷನ್ ಮೂಲಕ ನಕ್ಷತ್ರದ ಗುರುತಿನ ಬಟನ್‌ಗೂ, ಡಿ3500ರಲ್ಲಿ ಎಇ-ಎಲ್/ಎಎಫ್-ಎಲ್ ಬಟನ್‌ಗೂ ಈ ಕೆಲಸ ಹಚ್ಚಬಹುದು. ಹೆಬ್ಬೆರಳು ಒತ್ತಿ ಹಿಡಿದಷ್ಟು ಹೊತ್ತು ಕ್ಯಾಮೆರಾ ಹಿಂಬಾಲಿಸುತ್ತದೆ, ಎತ್ತಿದರೆ ಫೋಕಸ್ ಇದ್ದಲ್ಲೇ ನಿಲ್ಲುತ್ತದೆ. ಹೀಗಾಗಿ ಓಡುವ ಮಗು ತಟ್ಟನೆ ನಿಂತು ಕೈಗೆ ಸಿಕ್ಕಿದ್ದನ್ನು ಪರೀಕ್ಷಿಸತೊಡಗಿದಾಗ ಮೋಡ್ ಬದಲಿಸಬೇಕಾಗುವುದಿಲ್ಲ. ವೃತ್ತಿಯವರಲ್ಲಿ ಇದು ಬಹಳ ಬಳಕೆಯಲ್ಲಿರುವ ಕ್ರಮ. ಆದರೂ ಮನೆಮಂದಿಯೆಲ್ಲ ಬಳಸುವ ಕ್ಯಾಮೆರಾದಲ್ಲಿ ಇದನ್ನು ಹಾಕಿಡುವುದು ನನಗೆ ಸರಿ ಕಾಣುವುದಿಲ್ಲ. ಈ ಬದಲಾವಣೆ ತಿಳಿಯದ ಅಜ್ಜನೋ ಚಿಕ್ಕಮ್ಮನೋ ತೆಗೆದ ಚಿತ್ರಗಳೆಲ್ಲ ಮಸುಕಾಗಿ, ಕೊನೆಗೆ ಬೈಗುಳ ಕ್ಯಾಮೆರಾಕ್ಕೆ ಬೀಳುತ್ತದೆ.

ಫೋಕಸ್ ಬಿಂದು ಎಲ್ಲಿರಬೇಕು

ಎಲ್ಲ ಬಿಂದುಗಳನ್ನೂ ತೆರೆದಿಟ್ಟು ಆಯ್ಕೆಯನ್ನು ಕ್ಯಾಮೆರಾಕ್ಕೇ ಬಿಟ್ಟರೆ, ಮುಖ ಗುರುತಿಸಲಾಗದ ಹಳೆಯ ವ್ಯವಸ್ಥೆ ಸಾಮಾನ್ಯವಾಗಿ ಅತಿ ಹತ್ತಿರದ ವಸ್ತುವನ್ನು ಹಿಡಿದುಕೊಳ್ಳುತ್ತದೆ. ಶಾಲೆಯ ಕ್ರೀಡಾದಿನದ ನಿಂಬೆಹಣ್ಣು-ಚಮಚದ ಓಟದಲ್ಲಿ ಇದರ ಫಲ ಸ್ಪಷ್ಟವಾಗಿ ಕಾಣುತ್ತದೆ. ಮಗು ಚಮಚದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ನಿಂಬೆಹಣ್ಣಿನ ಮೇಲೆಯೇ ಕಣ್ಣು ನೆಟ್ಟು, ನಿಮ್ಮ ಎದುರಿಗೆ ಮೆಲ್ಲನೆ ಹೆಜ್ಜೆಯಿಡುತ್ತಾ ಬರುತ್ತಿರುತ್ತದೆ. ನಿಂಬೆಹಣ್ಣು ಕಣ್ಣಿಗಿಂತ ಒಂದು ಗೇಣಿನಷ್ಟು ಮುಂದಿರುತ್ತದೆ. ಕ್ಯಾಮೆರಾ ಹಣ್ಣನ್ನು ಹಿಡಿಯುತ್ತದೆ, ಅಪರ್ಚರ್ ಎಫ್/1.8ಕ್ಕೆ ತೆರೆದಿದ್ದರೆ ಹಣ್ಣಿನ ಸಿಪ್ಪೆಯ ರಂಧ್ರಗಳು ಎಣಿಸುವಂತಿರುತ್ತವೆ, ಕಷ್ಟಪಟ್ಟು ಒಟ್ಟಾಗಿಸಿಕೊಂಡ ಆ ಎರಡು ಕಣ್ಣುಗಳು ಮಂಜಾಗುತ್ತವೆ. ಇಲ್ಲಿ ಒಂದೇ ಬಿಂದುವನ್ನು ಆರಿಸಿ, ಅದನ್ನು ಮಗುವಿನ ಹುಬ್ಬಿನ ಅಥವಾ ಕಣ್ಣಿನ ಮೇಲಿಟ್ಟು, ಅಪರ್ಚರನ್ನು ಎಫ್/5.6ರ ಆಸುಪಾಸಿಗೆ ಇಳಿಸುವುದು ಸರಿಯಾದ ಮಾರ್ಗ. ಓಟದ ವೇಗ ಕಡಿಮೆ ಇರುವುದರಿಂದ ಒಂದೇ ಬಿಂದುವನ್ನು ಮುಖದ ಮೇಲೆ ನಿಲ್ಲಿಸಿಕೊಳ್ಳುವುದು ಕಷ್ಟವಾಗದು.

ವೇಗದ ಓಟದಲ್ಲಿ ಒಂದೇ ಬಿಂದುವನ್ನು ಮುಖದ ಮೇಲೆ ಹಿಡಿದಿಡುವುದು ಪಳಗಿದ ಕೈಗೂ ಕಷ್ಟ. ಬಿಂದು ಒಮ್ಮೆ ಜಾರಿತೆಂದರೆ ಫೋಕಸ್ ಹಿಂದಿನ ಕಾಂಪೌಂಡಿಗೆ ಹಾರುತ್ತದೆ. ಅಂಥಲ್ಲಿ ನಡುವಿನ ಕೆಲವು ಬಿಂದುಗಳು ಗುಂಪಾಗಿ ಕೆಲಸ ಮಾಡುವ ಝೋನ್, ಗ್ರೂಪ್ ಅಥವಾ ಡೈನಾಮಿಕ್ ಎಂಬ ಆಯ್ಕೆಗಳು ಒಳ್ಳೆಯವು. 1500ಡಿಯಂಥ ಒಂಬತ್ತು ಬಿಂದುಗಳ ಕ್ಯಾಮೆರಾದಲ್ಲಿ ನಡುವಿನ ಒಂದು ಬಿಂದು ಮಾತ್ರ ಕ್ರಾಸ್ ಮಾದರಿಯದು, ಅಂದರೆ ಅಡ್ಡಗೆರೆ ಉದ್ದಗೆರೆ ಎರಡನ್ನೂ ಓದಬಲ್ಲದ್ದು. ಹನ್ನೊಂದು ಬಿಂದುಗಳ ಡಿ3500ರಲ್ಲೂ ಅಷ್ಟೇ. ಇವುಗಳಲ್ಲಿ ಮಗುವನ್ನು ಚೌಕಟ್ಟಿನ ಅಂದಕ್ಕಾಗಿ ಒಂದು ಪಕ್ಕಕ್ಕೆ ಇಡುವ ಆಸೆಯನ್ನು ಬಿಟ್ಟು, ನಡುವಿನ ಬಿಂದುವಿನಲ್ಲೇ ಹಿಂಬಾಲಿಸಿ, ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆದು, ಆಮೇಲೆ ಕ್ರಾಪ್ ಮಾಡಿಕೊಳ್ಳುವುದೇ ಜಾಣತನ.

ಬಿಂದುವಿನ ಕೆಳಗೆ ಓದಲು ಏನಾದರೂ ಇರಬೇಕು ಎಂಬುದನ್ನೂ ಮರೆಯಬಾರದು. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದ ಎದೆಯ ಮೇಲೆ ಬಿಂದುವಿಟ್ಟರೆ ಅಲ್ಲಿ ಗೆರೆಯಾಗಲಿ ನೆರಳಾಗಲಿ ಇಲ್ಲದ ಕಾರಣ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಕಾಲರ್ ಮತ್ತು ಕುತ್ತಿಗೆ ಸೇರುವ ಅಂಚು, ಟೈ, ಬ್ಯಾಡ್ಜ್, ಕಪ್ಪು ಕೂದಲು ಹಣೆಗೆ ಸೇರುವ ಗೆರೆ, ಇವುಗಳನ್ನು ಹುಡುಕಬೇಕು. ಹಾಗೆಯೇ ನಿಂತು ಮೇಲಿನಿಂದ ತೆಗೆಯುವುದಕ್ಕಿಂತ ಮಂಡಿಯೂರಿ ಮಗುವಿನ ಕಣ್ಣಿನ ಎತ್ತರಕ್ಕೆ ಇಳಿದರೆ ಚಿತ್ರದ ಅಂದ ಹೆಚ್ಚುವುದರ ಜತೆಗೆ ಫೋಕಸ್‌ಗೂ ಲಾಭವಿದೆ: ಮೇಲಿನಿಂದ ನೋಡಿದಾಗ ಮಗುವಿನ ಬೆನ್ನಿಗೇ ಅಂಟಿದಂತೆ ನೆಲ ಇರುತ್ತದೆ, ಇಳಿದು ನೋಡಿದಾಗ ಹಿನ್ನೆಲೆ ಹತ್ತಾರು ಮೀಟರ್ ದೂರ ಸರಿಯುತ್ತದೆ, ಮಗು ಯಾವುದು ಹಿನ್ನೆಲೆ ಯಾವುದು ಎಂಬ ಗೊಂದಲ ಕ್ಯಾಮೆರಾಕ್ಕೆ ಕಡಿಮೆಯಾಗುತ್ತದೆ.

ಸೋನಿ ಎ6400 (2019) ಮತ್ತು ಅದರ ನಂತರದ ಮಿರರ್‌ಲೆಸ್ ಕ್ಯಾಮೆರಾಗಳಿದ್ದವರಿಗೆ ಈ ಬಿಂದುಗಳ ಚಿಂತೆ ಬಹುಮಟ್ಟಿಗೆ ಇಲ್ಲ. ಗುರುತಿಸಬೇಕಾದ ವಸ್ತು ‘ಮನುಷ್ಯ’ ಎಂದಿರಲಿ, ಕಣ್ಣು ಗುರುತಿಸುವ ಆಯ್ಕೆ ತೆರೆದಿರಲಿ, ನಿರಂತರ ಫೋಕಸ್ ಇರಲಿ. ಚೌಕಟ್ಟಿನಲ್ಲಿ ಮಗು ಎಲ್ಲಿಗೆ ಹೋದರೂ ಚಿಕ್ಕ ಚೌಕವೊಂದು ಅದರ ಕಣ್ಣಿಗೆ ಅಂಟಿಕೊಂಡು ಹೋಗುತ್ತದೆ. ಮನೆಯ ನಾಯಿ ಅಥವಾ ಬೆಕ್ಕಿನ ಚಿತ್ರ ತೆಗೆಯಲೆಂದು ಆಯ್ಕೆಯನ್ನು ‘ಪ್ರಾಣಿ’ಗೆ ಬದಲಿಸಿ ಮರೆತಿದ್ದರೆ ಮಾತ್ರ ಚೌಕ ಕಾಣಿಸಿಕೊಳ್ಳದೆ ಸತಾಯಿಸಬಹುದು. ಅನೇಕ ಮಕ್ಕಳಿರುವ ಕಡೆ ಬೇಕಾದ ಮುಖವನ್ನು ಪರದೆಯಲ್ಲಿ ಮುಟ್ಟಿ ತೋರಿಸಬೇಕು. ಸೋನಿಯ ಹಲವು ಕ್ಯಾಮೆರಾಗಳಲ್ಲಿ ನಿಮ್ಮ ಮಗುವಿನ ಮುಖವನ್ನು ಮೊದಲೇ ನೋಂದಾಯಿಸಿ, ಗುಂಪಿನಲ್ಲೂ ಅದಕ್ಕೆ ಆದ್ಯತೆ ಕೊಡಿಸಬಹುದು. ಮಗು ಪೂರ್ತಿ ಪಕ್ಕಕ್ಕೆ ತಿರುಗಿದಾಗ, ಕೂದಲು ಕಣ್ಣಿಗೆ ಬಿದ್ದಾಗ, ಚೌಕಟ್ಟಿನಲ್ಲಿ ಮುಖ ಬಹಳ ಚಿಕ್ಕದಾದಾಗ ಈ ವ್ಯವಸ್ಥೆ ಕೈಕೊಡುವುದುಂಟು. ಕೃಷ್ಣಾಷ್ಟಮಿಯ ವೇಷ ಸ್ಪರ್ಧೆಯಲ್ಲಿ ಕಿರೀಟ, ಹಣೆಯ ಮೇಲಿನ ಆಭರಣ, ಗಾಢ ಬಣ್ಣಗಳ ನಡುವೆ ಅದು ತಡಬಡಾಯಿಸಿದರೆ ಸಣ್ಣ ಝೋನ್‌ಗೆ ಮರಳುವುದು ಒಳಿತು.

ಶಟರ್ ವೇಗ, ಅಪರ್ಚರ್, ಐಎಸ್‌ಒ

ಸೆಕೆಂಡಿಗೆ 3 ಮೀಟರ್ ಓಡುವ ಮಗು 1/125 ಸೆಕೆಂಡಿನಲ್ಲಿ 24 ಮಿಲಿಮೀಟರ್ ಚಲಿಸುತ್ತದೆ, 1/500ರಲ್ಲಿ 6 ಮಿಲಿಮೀಟರ್, 1/1000ದಲ್ಲಿ 3 ಮಿಲಿಮೀಟರ್. ಕೈ ಕಾಲುಗಳ ಬೀಸು ಇದಕ್ಕಿಂತ ಹೆಚ್ಚು. ನಡೆದಾಡುವ ಮಗುವಿಗೆ 1/250, ಓಡುವ ಮಗುವಿಗೆ 1/500, ಜಿಗಿತಕ್ಕೂ ನಿಮ್ಮ ಮುಂದೆ ಅಡ್ಡಲಾಗಿ ಹಾದುಹೋಗುವ ಓಟಕ್ಕೂ 1/1000 ಎಂದು ಇಟ್ಟುಕೊಂಡರೆ ಹೆಚ್ಚಿನ ಸಂದರ್ಭಗಳು ಸುಧಾರಿಸುತ್ತವೆ. ಕ್ಯಾನನ್‌ನಲ್ಲಿ ಟಿವಿ, ನಿಕಾನ್‌ನಲ್ಲಿ ಎಸ್ ಎಂಬ ಮೋಡ್‌ನಲ್ಲಿ ಶಟರ್ ವೇಗವನ್ನು ನೀವೇ ನಿಗದಿ ಮಾಡಿ, ಐಎಸ್‌ಒವನ್ನು (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಪ್ರಮಾಣ) ಆಟೋಗೆ ಬಿಟ್ಟು, ಅದರ ಗರಿಷ್ಠ ಮಿತಿಯನ್ನು 3200ಕ್ಕೋ 6400ಕ್ಕೋ ಏರಿಸಿಕೊಳ್ಳಿ. ಕಾಳುಕಾಳಾಗಿ ಮೂಡಿದ ಚಿತ್ರವನ್ನು ಆಮೇಲೆ ನಯ ಮಾಡಬಹುದು, ಕಲಸಿಹೋದ ಮುಖಕ್ಕೆ ಮದ್ದಿಲ್ಲ.

ಅಪರ್ಚರ್ ವಿಷಯದಲ್ಲಿ ನನ್ನ ಅಭಿಪ್ರಾಯ ಲೆನ್ಸನ್ನು ಪೂರ್ತಿ ತೆರೆದೇ ಬಳಸಿ ಎನ್ನುವ ಅಂಗಡಿಯವರ ಸಲಹೆಗೆ ವಿರುದ್ಧ. ಹಿನ್ನೆಲೆ ಕರಗಿದಂತೆ ಕಾಣಲೆಂದು 50 ಎಂಎಂ ಎಫ್/1.8 ಲೆನ್ಸ್ ಕೊಂಡವರು ಓಡುವ ಮಗುವಿಗೂ ಅದನ್ನು ಪೂರ್ತಿ ತೆರೆದೇ ಬಳಸುತ್ತಾರೆ. 3 ಮೀಟರ್ ದೂರದಲ್ಲಿ ಎಫ್/1.8ಕ್ಕೆ 26 ಸೆಂಟಿಮೀಟರ್ ಇದ್ದ ಆಳ ಎಫ್/4ಕ್ಕೆ ಸುಮಾರು 57 ಸೆಂಟಿಮೀಟರ್ ಆಗುತ್ತದೆ. ಕ್ಯಾಮೆರಾದ ಅಂದಾಜು ಅಷ್ಟಿಷ್ಟು ತಪ್ಪಿದರೂ ಮುಖ ಉಳಿಯುತ್ತದೆ, ಹಿನ್ನೆಲೆ ದೂರವಿದ್ದರೆ ಅದು ಆಗಲೂ ಮೃದುವಾಗಿಯೇ ಕಾಣುತ್ತದೆ. ಆದರೆ ಲೆನ್ಸ್ ಮಾತ್ರ ಒಳ್ಳೆಯದೇ. ಡಿಎಸ್‌ಎಲ್‌ಆರ್‌ನಲ್ಲಿ ನೀವು ಯಾವ ಅಪರ್ಚರ್ ಆರಿಸಿದ್ದರೂ ಫೋಕಸ್ ಮಾಡುವಾಗ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ, ಹಾಗಾಗಿ ಕ್ಯಾಮೆರಾದ ಜತೆ ಬರುವ ಎಫ್/5.6ರ ಕಿಟ್ ಲೆನ್ಸಿಗಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಬಂದು ಮಂಕು ಬೆಳಕಿನಲ್ಲಿ ಫೋಕಸ್ ಬೇಗ ಹಿಡಿಯುತ್ತದೆ.

ಆಟವನ್ನು ತಿಳಿದು ನಿಲ್ಲುವ ಜಾಗ ಆರಿಸುವುದು

ಮಗು ನಿಮ್ಮ ಎದುರಿನಲ್ಲಿ ಎಡದಿಂದ ಬಲಕ್ಕೆ ಹಾದುಹೋದರೆ ದೂರ ಹೆಚ್ಚು ಬದಲಾಗುವುದಿಲ್ಲ, ಫೋಕಸ್‌ಗೆ ಸುಲಭ, ಶಟರ್‌ಗೆ ಕಷ್ಟ. ನೇರ ನಿಮ್ಮ ಮೇಲೆಯೇ ಓಡಿಬಂದರೆ ಇದರ ತದ್ವಿರುದ್ಧ. ಅದರಲ್ಲೂ ಹತ್ತಿರವಾದಷ್ಟೂ ಕಷ್ಟ ಬಲುಬೇಗ ಏರುತ್ತದೆ: ಮಗು 10 ಮೀಟರಿನಿಂದ 9 ಮೀಟರಿಗೆ ಬಂದಾಗ 50 ಎಂಎಂ ಲೆನ್ಸ್ ಸರಿಯಬೇಕಾದ ದೂರಕ್ಕಿಂತ, 3 ಮೀಟರಿನಿಂದ 2 ಮೀಟರಿಗೆ ಬಂದಾಗ ಸರಿಯಬೇಕಾದ ದೂರ ಸುಮಾರು ಹದಿನೈದು ಪಟ್ಟು ಹೆಚ್ಚು. ಆದ್ದರಿಂದ ಎದುರಿನಿಂದ ಬರುವ ಓಟವನ್ನು ಉದ್ದನೆಯ ಲೆನ್ಸಿನಲ್ಲಿ, 55-250 ಅಥವಾ 70-300ರಂಥದ್ದರಲ್ಲಿ, ಗೆಲುವಿನ ಗೆರೆಯಾಚೆ ದೂರದಲ್ಲಿ ಕೂತು ತೆಗೆಯಬೇಕು. ಮಗು ಐದಾರು ಮೀಟರಿನಷ್ಟು ಹತ್ತಿರ ಬರುವಷ್ಟರಲ್ಲಿ ಚಿತ್ರಗಳು ಆಗಿ ಮುಗಿದಿರಬೇಕು.

ಕ್ಯಾಮೆರಾದ ಅಂದಾಜು ನಿಂತಿರುವುದು ಒಂದೇ ನಂಬಿಕೆಯ ಮೇಲೆ, ಮಗು ಈವರೆಗೆ ಹೋದಂತೆಯೇ ಮುಂದೆಯೂ ಹೋಗುತ್ತದೆ ಎಂದು. ಈ ನಂಬಿಕೆ ಎಲ್ಲಿ ಸುಳ್ಳಾಗುತ್ತದೆಯೋ ಅಲ್ಲಿ ಕ್ಯಾಮೆರಾಕ್ಕಿಂತ ಆಟದ ನಿಯಮ ಬಲ್ಲವರೇ ಮುಂದಿನ ಕ್ಷಣವನ್ನು ಸರಿಯಾಗಿ ಹೇಳಬಲ್ಲರು. ಪಂಚಮಿಯ ಹೊತ್ತಿಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಮರದ ಕೊಂಬೆಗೆ ಕಟ್ಟುವ ಜೋಕಾಲಿಯನ್ನು ನೋಡಿ. ಹಗ್ಗ 4 ಮೀಟರ್ ಉದ್ದವಿದ್ದರೆ ಹೋಗಿ ಮರಳಿ ಬರಲು ಸುಮಾರು 4 ಸೆಕೆಂಡ್ ಬೇಕು, ಜೀಕುವವರು ಹಗುರಾಗಿದ್ದರೂ ಭಾರವಾಗಿದ್ದರೂ ಅಷ್ಟೇ. ಕೆಳಗಿನ ಬಿಂದುವಿನಿಂದ ಒಂದು ಮೀಟರ್ ಎತ್ತರಕ್ಕೆ ಏರುವ ಜೀಕಿನಲ್ಲಿ, ತಳದಲ್ಲಿ ಹಾದುಹೋಗುವಾಗಿನ ವೇಗ ಸೆಕೆಂಡಿಗೆ 4 ಮೀಟರಿಗೂ ಹೆಚ್ಚು. ಎರಡು ತುದಿಗಳಲ್ಲಿ ವೇಗ ಒಂದು ಕ್ಷಣ ಸೊನ್ನೆಯಾಗುತ್ತದೆ. ಎದುರಿಗೆ ನಿಂತು ನಿರಂತರ ಫೋಕಸ್‌ನಲ್ಲಿ ಹಿಂಬಾಲಿಸಿದರೆ, ತುದಿ ತಲುಪಿ ದಿಕ್ಕು ತಿರುಗುವ ಕ್ಷಣದಲ್ಲಿ ಕ್ಯಾಮೆರಾ ಮಗು ಇನ್ನೂ ಮುಂದೆ ಬರುತ್ತದೆಂದು ಎಣಿಸಿ ಎಡವಬಹುದು. ಅದರ ಬದಲು, ಜೋಕಾಲಿಯ ದಾರಿಗೆ ಅಡ್ಡವಾಗದಂತೆ ಸ್ವಲ್ಪ ಓರೆಗೆ ನಿಂತು, ಮಗು ಮುಂದಿನ ತುದಿಗೆ ಬಂದಾಗ ಒಮ್ಮೆ ಫೋಕಸ್ ಮಾಡಿ, ಅದನ್ನು ಅಲ್ಲಿಯೇ ನಿಲ್ಲಿಸಿ, ಮುಂದಿನ ಸಲ ಅದೇ ತುದಿಗೆ ಬರುವ ಮುನ್ನ ಸರಣಿ ಶುರು ಮಾಡಬೇಕು. ಸೀರೆಯ ಸೆರಗೋ ಲಂಗದ ಅಂಚೋ ಹಿಂದಕ್ಕೆ ಹಾರುತ್ತಿರುವಾಗಲೇ ಮುಖ ಮಾತ್ರ ನಿಶ್ಚಲವಾಗಿ ಸಿಗುವುದು ಅಲ್ಲಿ. ಬದಿಯಿಂದ ತೆಗೆಯುವುದಾದರೆ ದೂರದ ಚಿಂತೆ ಇಲ್ಲ, 1/1000 ಶಟರ್ ಇದ್ದರಾಯಿತು.

ಕುಂಟೆಬಿಲ್ಲೆಯಲ್ಲಿ ಸೀಮೆಸುಣ್ಣದ ಚೌಕಗಳೇ ನಿಮಗೆ ದೂರದ ಅಳತೆ ಕೊಡುತ್ತವೆ. ಮಗು ಕೊನೆಯ ಚೌಕದಲ್ಲಿ ತಿರುಗಿ, ಮರಳುವಾಗ ಬಾಗಿ ಬಿಲ್ಲೆ ಎತ್ತುವಾಗ ಒಂಟಿಕಾಲಲ್ಲಿ ತೂಗಾಡುತ್ತಾ ಬಹುತೇಕ ನಿಂತೇ ಇರುತ್ತದೆ. ಬಿಲ್ಲೆ ಬಿದ್ದಿರುವ ಚೌಕ ಯಾವುದೆಂದು ಆಟಕ್ಕೆ ಮೊದಲೇ ನಿಮಗೆ ಗೊತ್ತಿರುತ್ತದೆ. ಲಗೋರಿಯಲ್ಲಿ ಹೀಗೆ ಹಿಂಬಾಲಿಸಹೊರಟರೆ ಫಲವಿಲ್ಲ, ಮಕ್ಕಳು ಚೆಂಡಿನಿಂದ ತಪ್ಪಿಸಿಕೊಳ್ಳಲೆಂದೇ ದಿಕ್ಕು ಬದಲಿಸುತ್ತಾರೆ. ಆದರೆ ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸಲು ಯಾರಾದರೊಬ್ಬರು ಅಲ್ಲಿಗೇ ಬರಲೇಬೇಕು. ಕಲ್ಲುಗಳ ರಾಶಿಗೆ ಫೋಕಸ್ ಮಾಡಿ ನಿಲ್ಲಿಸಿ, ಎಫ್/5.6 ಇಟ್ಟು, ನೆಲಮಟ್ಟದಲ್ಲಿ ಕಾದು ಕೂತರೆ, ಒಂದು ಕಣ್ಣು ಚೆಂಡಿನ ಮೇಲೂ ಇನ್ನೊಂದು ಕಲ್ಲಿನ ಮೇಲೂ ಇಟ್ಟುಕೊಂಡ ಮುಖಗಳು ತಾವಾಗಿ ಬಂದು ಸಿಗುತ್ತವೆ.

ಹಿಂಬಾಲಿಸುವಾಗ ಬೇರೆ ಮಗುವೊಂದು ನಡುವೆ ಅಡ್ಡ ಹಾಯ್ದರೆ ಫೋಕಸ್ ಅದಕ್ಕೆ ಹಾರಬೇಕೋ ಮೊದಲಿನದರಲ್ಲೇ ಉಳಿಯಬೇಕೋ ಎಂಬುದನ್ನು ನಿರ್ಧರಿಸುವ ಸೆಟ್ಟಿಂಗ್ ಮೇಲ್ದರ್ಜೆಯ ಕ್ಯಾಮೆರಾಗಳಲ್ಲಿದೆ. ಕ್ಯಾನನ್‌ನಲ್ಲಿ ಅದು ಮೈನಸ್ 2ರಿಂದ ಪ್ಲಸ್ 2ರವರೆಗೆ, ಸೋನಿಯ ಹಲವು ಕ್ಯಾಮೆರಾಗಳಲ್ಲಿ 1ರಿಂದ 5ರವರೆಗೆ ಇರುತ್ತದೆ. ಎರಡರಲ್ಲೂ ಕಡಿಮೆ ಅಂಕಿ ಎಂದರೆ ಹಿಡಿದದ್ದನ್ನು ಬಿಡದ ಸ್ವಭಾವ. ಮಕ್ಕಳ ಗುಂಪಿನಾಟಕ್ಕೆ ಕಡಿಮೆ ಅಂಕಿ ಮೇಲು. ಫೋಕಸ್ ಸಿಗದಿದ್ದರೂ ಚಿತ್ರ ತೆಗೆಯಬೇಕೋ, ಸಿಗುವವರೆಗೂ ಕಾಯಬೇಕೋ ಎಂದು ಕೇಳುವ ಆದ್ಯತೆಯ ಆಯ್ಕೆಯೂ ಉಂಟು. ನಿಕಾನ್‌ನ ಹಲವು ಕ್ಯಾಮೆರಾಗಳು ಎಎಫ್-ಸಿಯಲ್ಲಿ ಕಾಯದೆ ತೆಗೆಯುವಂತೆ ಹೊಂದಿಸಿಕೊಂಡೇ ಬರುತ್ತವೆ. ಅದನ್ನು ಫೋಕಸ್ ಕಡೆಗೆ ಬದಲಿಸಿದರೆ ಚಿತ್ರಗಳ ಸಂಖ್ಯೆ ತಗ್ಗಿ, ಸರಿಯಾದವುಗಳ ಪಾಲು ಹೆಚ್ಚುತ್ತದೆ. ಸೆಕೆಂಡಿಗೆ ಮೂರೇ ಚಿತ್ರ ತೆಗೆಯುವ 1500ಡಿಯಂಥ ಕ್ಯಾಮೆರಾದಲ್ಲಿ ಸರಣಿಯನ್ನೇ ನಂಬಿ ಕೂರುವಂತಿಲ್ಲ. ಜಿಗಿತದ ತುತ್ತತುದಿ ಎರಡು ಚಿತ್ರಗಳ ನಡುವೆ ಕಳೆದುಹೋಗುವುದೇ ಹೆಚ್ಚು, ಅಲ್ಲಿ ಕ್ಷಣ ನೋಡಿ ಒತ್ತುವ ಬೆರಳೇ ಗತಿ.

ಮನೆಯೊಳಗೆ

ಸಂಜೆಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಮಂಚದ ಮೇಲೆ ಕುಣಿಯುವ ಮಗುವಿನ ಚಿತ್ರ ಹೊರಗಿನ ಓಟಕ್ಕಿಂತ ಕಷ್ಟ. ಕತ್ತಲಲ್ಲಿ ಫೋಕಸ್‌ಗೆ ನೆರವಾಗುವ ಪುಟ್ಟ ದೀಪ ಡಿಎಸ್‌ಎಲ್‌ಆರ್‌ಗಳಲ್ಲಿ ನಿರಂತರ ಫೋಕಸ್ ಇರುವಾಗ ಉರಿಯುವುದಿಲ್ಲ. ಹಾಗಾಗಿ ಸಾಧ್ಯವಾದರೆ ಹಗಲಿನಲ್ಲೇ ಕಿಟಕಿಯ ಪರದೆ ಸರಿಸಿ, ಕಿಟಕಿಗೆ ನೀವು ಬೆನ್ನು ಮಾಡಿ ಮಗುವಿನ ಮುಖಕ್ಕೆ ಬೆಳಕು ಬೀಳುವಂತೆ ನಿಲ್ಲುವುದು ಯಾವ ಸೆಟ್ಟಿಂಗ್‌ಗಿಂತಲೂ ಹೆಚ್ಚು ಫಲ ಕೊಡುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಅನೇಕ ಟ್ಯೂಬ್‌ಲೈಟ್‌ಗಳೂ ಕೆಲವು ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/500ರಂಥ ಶಟರ್‌ನಲ್ಲಿ ಒಂದು ಚಿತ್ರ ಬೆಳ್ಳಗೆ, ಮರುಚಿತ್ರ ಕಪ್ಪಗೆ ಬರುವುದು ಇದರಿಂದ. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಇದ್ದರೆ ತೆರೆಯಿರಿ, ಇಲ್ಲವಾದರೆ 1/100ಕ್ಕೆ ಇಳಿದು, ಕುಣಿತದ ನಡುವೆ ಮಗು ದಣಿದು ಉಸಿರೆಳೆಯುವ ಕ್ಷಣಕ್ಕೆ ಕಾಯಿರಿ. ಶಬ್ದವಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಲ್ಲಿ ಬೇಡ. ಚಿತ್ರದ ಮೇಲೆ ಪಟ್ಟೆಗಳು ಮೂಡುತ್ತವೆ, ಬೀಸುವ ಕೈ ಸೊಟ್ಟಗಾಗಿ ಕಾಣುತ್ತದೆ.

ಫೋನಿನಲ್ಲಿ ತೆಗೆಯುವವರಿಗೆ ಫೋಕಸ್ ಅಷ್ಟು ದೊಡ್ಡ ತೊಡಕಲ್ಲ. ಸಣ್ಣ ಸೆನ್ಸರ್ ಇರುವುದರಿಂದ ಸ್ಪಷ್ಟತೆಯ ಆಳ ಹೆಚ್ಚು, ಚಿತ್ರ ಕೆಡುವುದು ಬಹುಮಟ್ಟಿಗೆ ಶಟರ್ ನಿಧಾನವಾಗಿದ್ದಕ್ಕೆ. ಬಿಸಿಲಿಗೆ ಬರುವುದು, ಪೋರ್ಟ್ರೇಟ್ ಮತ್ತು ನೈಟ್ ಮೋಡ್‌ಗಳನ್ನು ಬಳಸದಿರುವುದು, ಬರ್ಸ್ಟ್ (ಸರಣಿ ಚಿತ್ರಣ) ಬಳಸುವುದು, ಇಷ್ಟು ಸಾಕು.

ತೆಗೆದ ಮೇಲೆ ಆರಿಸುವಾಗ ಸರಣಿಯ ಮೊದಲ ಚಿತ್ರವನ್ನು ನೋಡಿ ನಿರಾಶರಾಗಬೇಡಿ, ಕ್ಯಾಮೆರಾದ ಲೆಕ್ಕ ಕುದುರುವ ಮುನ್ನ ತೆಗೆದದ್ದಾಗಿ ಅದು ತಪ್ಪಿರುವ ಸಂಭವ ಹೆಚ್ಚು. ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣು ಚೂಪಾಗಿದ್ದು ಕೈ ಕಾಲು ತುಸು ಮಸುಕಾಗಿದ್ದರೆ ಆ ಚಿತ್ರವನ್ನು ಉಳಿಸಿಕೊಳ್ಳಿ, ಓಟದ ವೇಗ ಕಾಣುವುದು ಅದರಲ್ಲೇ. ಎಲ್ಲ ಚಿತ್ರಗಳಲ್ಲೂ ಫೋಕಸ್ ಒಂದೇ ಕಡೆಗೆ, ಸದಾ ಹಿಂದಕ್ಕೋ ಸದಾ ಮುಂದಕ್ಕೋ ಬಿದ್ದಿದ್ದರೆ ಮೇಜಿನ ಮೇಲೆ ಪುಸ್ತಕಗಳನ್ನು ಓರೆಯಾಗಿ ಸಾಲಾಗಿಟ್ಟು, ನಡುವಿನದಕ್ಕೆ, ಒಮ್ಮೆ ಫೋಕಸ್ ಮಾಡಿ ಅಲ್ಲೇ ನಿಲ್ಲುವ ಏಕಫೋಕಸ್ ಮೋಡ್‌ನಲ್ಲಿ ಗುರಿಯಿಟ್ಟು ತೆಗೆದು ನೋಡಿ. ಅಲ್ಲೂ ಅದೇ ತಪ್ಪು ಕಂಡರೆ ಡಿಎಸ್‌ಎಲ್‌ಆರ್‌ನ ಲೆನ್ಸಿಗೂ ಕ್ಯಾಮೆರಾಕ್ಕೂ ಹೊಂದಾಣಿಕೆ ತಪ್ಪಿದೆ ಎಂದರ್ಥ, ಎರಡನ್ನೂ ಒಟ್ಟಿಗೆ ಸರ್ವಿಸ್ ಸೆಂಟರಿಗೆ ಕೊಡಬೇಕು. ಪುಸ್ತಕ ಸರಿಯಾಗಿ ಬಂದು ಓಟದಲ್ಲಿ ಮಾತ್ರ ತಪ್ಪುತ್ತಿದ್ದರೆ ಖರ್ಚಿನ ಅಗತ್ಯವಿಲ್ಲ. ಅರ್ಧ ಒತ್ತಿ ಹಿಂಬಾಲಿಸುವ ಅವಧಿಯನ್ನು ಸ್ವಲ್ಪ ಹೆಚ್ಚಿಸಿ ಮತ್ತೊಮ್ಮೆ ತೆಗೆಯಿರಿ.